ಹಲಗೆ ಎತ್ತದ ಕಿಂಡಿ, ಹತ್ತಲಾಗದ ಮೀನು

ಸಕಲೇಶಪುರ, ಮೇ 27, 2025, ಮಂಗಳವಾರ

ಮುಂಗಾರು ಈ ಸಲ ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಕಿಂಡಿ ಅಣೆಕಟ್ಟು ಅಂದರೆ ಬೇಸಿಗೆ ನೀರು ನಿಲ್ಲಿಸಲು ಕಿಂಡಿಗಳಿಗೆ ಹಲಗೆ ಹಾಕುವ ಸಣ್ಣ ಕಟ್ಟೆ. ಜೂನ್ ಬರಲಿ ನೋಡೋಣ ಅಂತ ಅದರ ಹಲಗೆ ಹಾಗೇ ಬಿಟ್ಟ ಕಡೆ ಈಗ ಫಜೀತಿ. ಎರಡು ಸಾಲು ಹಲಗೆಯ ನಡುವೆ ತುಂಬಿದ ಮಣ್ಣು ನೆನೆದು ಬಿಗಿಯುತ್ತದೆ, ಮರವೂ ಉಬ್ಬುತ್ತದೆ. ನೀರು ಮೇಲೆ ಹಾರುವಾಗ ಎಳೆಯಲು ಹೋಗುವುದು ಅಪಾಯ. ಹತ್ತುಮೀನು, ಅಂದರೆ ಹೊಳೆಯಿಂದ ಮೇಲಕ್ಕೆ ಏರುವ ಮೀನು, ಹೊರಡುವುದೂ ಇದೇ ಮೊದಲ ಮಳೆಯ ಕೆಂಪುನೀರಿಗೆ. ಗದ್ದೆ, ಸಣ್ಣ ಹಳ್ಳಗಳಲ್ಲಿ ಮೊಟ್ಟೆ ಇಡಲು ಹೊರಟದ್ದು ಕಟ್ಟೆಯ ಬುಡದಲ್ಲೇ ಗುಂಪುಗೂಡುತ್ತದೆ. ಮೀನಿನ ದಾರಿ ಎಲ್ಲಿ ಕಟ್ಟಿದೆ ಎಂದು ತಿಳಿಯಲು ಸರ್ವೆ ಬೇಡ, ಮೀನು ಹಿಡಿಯುವ ಕೂಣಿ ಎಲ್ಲಿಟ್ಟಿದ್ದಾರೆ ನೋಡಿದರೆ ಸಾಕು.

ಹಲಗೆ ತೆಗೆದರೂ ಮುಗಿಯುವುದಿಲ್ಲ. ಕೆಳಗಿನ ಕಾಂಕ್ರೀಟ್ ಹಾಸಿನ ಮೇಲೆ ನೀರು ತೆಳ್ಳಗೆ, ರಭಸವಾಗಿ ಓಡುತ್ತದೆ. ಹಾಸಿನ ಅಂಚು ಕೊರೆದು ಅರ್ಧ ಮೀಟರ್ ಇಳಿದಿದ್ದರೆ ಸಣ್ಣ ಮೀನಿಗೆ ಅದೇ ಗೋಡೆ.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ದೊಡ್ಡ ಅಣೆಕಟ್ಟೆ ಕೀಳುವ ಮಾತಲ್ಲ ಇದು. ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟು ಕಿತ್ತು ಮುಗಿದದ್ದು 2024ರಲ್ಲಿ. ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಮೇಲಕ್ಕೆ ಹತ್ತಿತು. ಆದರೆ ಅವು ಕರೆಂಟಿಗೆ ಕಟ್ಟಿದವು, ನೀರಾವರಿಗಲ್ಲ. ಹೇಮಾವತಿಯನ್ನು ನಂಬಿದ ಗದ್ದೆಗಳಿವೆ. ಇಲ್ಲಿ ಕೀಳಬಹುದಾದದ್ದು ತೋಟದ ಹಳ್ಳಗಳಲ್ಲಿ ಹೂಳು ತುಂಬಿ, ಪಂಪೂ ಇಲ್ಲದೆ ಕೂತ ಹಳೆಯ ಕಲ್ಲುಕಟ್ಟೆಗಳು.

ಅಂಥ ಕಟ್ಟೆ ಕೀಳುವ ಕೆಲಸ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಸಣ್ಣ ನೀರಾವರಿ ಇಲಾಖೆ, ಪಂಚಾಯಿತಿ, ಕೆಳಗಿನ ತೋಟದವರು ಒಪ್ಪಿದ ಮೇಲೆ. ಕಬ್ಬಿಣದ ಸರಳು ಚುಚ್ಚಿ ಹೂಳಿನ ಆಳ ನೋಡಬೇಕು. ಕಟ್ಟೆ 1.2 ಮೀಟರ್ ಎತ್ತರ, ಹಳ್ಳ 8 ಮೀಟರ್ ಅಗಲ, ಹೂಳು 60 ಮೀಟರ್ ಹಿಂದಕ್ಕೆ ಇಳಿಜಾರಾಗಿ ಹರಡಿದ್ದರೆ ಗುಣಿಸಿ ಅರ್ಧ ಮಾಡಿ: 288 ಘನ ಮೀಟರ್, ಸುಮಾರು ನೂರು ಟ್ರ್ಯಾಕ್ಟರ್ ಲೋಡು. ಕಾಫಿಗೆ ವರ್ಷವರ್ಷ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಜಾಗವಾದರೆ ಹೂಳಿನ ತಾಮ್ರದ ಅಂಶ ಪರೀಕ್ಷೆ ಮಾಡಿಸದೆ ಹೊಳೆಗೆ ಬಿಡಬಾರದು. ಹೆಚ್ಚಿದ್ದರೆ ಎತ್ತಿಯೇ ಸಾಗಿಸಬೇಕು. ಖರ್ಚಿನ ಬಹುಪಾಲು ಇಲ್ಲೇ.

ಒಡೆಯುವುದು ನಡುವಿನಿಂದ, ಮೇಲಿನಿಂದ, ಒಂದು ಸಲಕ್ಕೆ 30 ಸೆಂ.ಮೀ. ನೀರು ತಿಳಿಯಾದ ಮೇಲೆ ಮುಂದಿನ ಸಾಲು. ದಡದ ಬದಿಯಿಂದ ಒಡೆದರೆ ಹಳ್ಳ ಕಟ್ಟೆ ಬಿಟ್ಟು ದಡವನ್ನೇ ಕೊರೆಯುತ್ತದೆ, ಅಡಿಕೆ ಸಾಲು ನೀರಿಗೆ ಬೀಳುತ್ತದೆ. ಒಡೆದ ಮೇಲೆ ತಳದ ಕೊರೆತ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಮೇಲೆ ಮೋರಿಯೋ ಸೇತುವೆ ಕಾಲೋ ಇದ್ದರೆ ಅದರ ಬುಡಕ್ಕೆ ದೊಡ್ಡ ಕಲ್ಲು ಹಾಸಿ ಆಮೇಲೆ ಕೈ ಹಾಕಬೇಕು. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಗಾಳಿಗೆ ಬರುವುದೂ ಹೀಗೇ. ಬಹಳ ಕಡೆ ಆಗುವ ತಪ್ಪು ಬೇರೆಯೇ: ಗೋಡೆ ತೆಗೆದು ಅಡಿಪಾಯ ಬಿಡುತ್ತಾರೆ. ಒಂದೇ ಮಳೆಗಾಲಕ್ಕೆ ಅದರ ಕೆಳಗೆ ಕೊರೆದು ಹೊಸ ಮೆಟ್ಟಿಲು ಎದ್ದಿರುತ್ತದೆ. ತಳಕ್ಕಿಂತ ಕೆಳಗಿನವರೆಗೂ ಕೀಳಬೇಕು.

ಬೇಸಿಗೆಯಲ್ಲಿ ಸ್ಪ್ರಿಂಕ್ಲರಿಗೆ ನೀರು ಬೇಕೇ ಬೇಕೆನ್ನುವ ಕಡೆ ಕಟ್ಟೆ ಉಳಿಸಿ, ಮೀನು ಹತ್ತಲು ಅದರ ಕೆಳಗೆ ಕಲ್ಲಿನ ಇಳಿಜಾರು ಕಟ್ಟಬಹುದು. ಒಂದು ಮೀಟರ್ ಇಳಿತಕ್ಕೆ 20ರಿಂದ 30 ಮೀಟರ್ ಉದ್ದ, ನಡುವೆ ತಂಗಲು ಗುಂಡಿಗಳು, ಸಣ್ಣ ಮೀನಿಗಾದರೆ ಗುಂಡಿಯಿಂದ ಗುಂಡಿಗೆ ಇಳಿತ 15 ಸೆಂ.ಮೀ. ಒಳಗೆ. ಕಲ್ಲು ಅರ್ಧದಷ್ಟಾದರೂ ಹೂತಿರಬೇಕು, ಇಲ್ಲದಿದ್ದರೆ ಆಷಾಢದ ನೆರೆಗೆ ಉಳಿಯುವುದಿಲ್ಲ.

ಸದ್ಯ ಮಳೆ ಎರಡು ದಿನ ಬಿಟ್ಟು ನೀರು ಹಲಗೆಗಿಂತ ಕೆಳಗಿಳಿದರೆ, ನಡುವಿನ ಕಿಂಡಿಯ ಮೇಲಿನ ಹಲಗೆಯಿಂದ ಶುರು ಮಾಡಬಹುದು. ಕೊಕ್ಕೆ, ಚೈನ್ ಪುಲ್ಲಿ, ದಡದಲ್ಲಿ ಹಗ್ಗ ಹಿಡಿದ ಇಬ್ಬರು.