ಲಯ ಕೂಡುವಲ್ಲಿ, ಲಯ ಮುರಿಯುವಲ್ಲಿ: ಅಹಮದಾಬಾದಿನ ಒಂದು ದಿನ

ಬೆಳಿಗ್ಗೆ ಜೋಧಪುರ ಟೇಕ್ರಾದಲ್ಲಿರುವ ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್, ಸಂಜೆ ಗರ್ಬಾ ತರಗತಿ. ನಮ್ಮ ವಿದ್ಯಾರ್ಥಿ ತಂಡದ ಅಹಮದಾಬಾದ್ ದಿನ ಹೀಗೆ ಎರಡು ಪಾಲಾಗಿತ್ತು. ನವರಾತ್ರಿ ಇನ್ನೂ ದೂರವಿತ್ತು. ಆದರೂ ಆ ಊರಿನಲ್ಲಿ ಹಬ್ಬಕ್ಕೆ ಬಹಳ ಮೊದಲೇ ಬಡಾವಣೆಗೊಂದರಂತೆ ಗರ್ಬಾ ತರಗತಿಗಳು ಶುರುವಾಗಿಬಿಡುತ್ತವೆ.

ರಾತ್ರಿ ಎಲ್ಲರ ಟಿಪ್ಪಣಿಗಳನ್ನೂ ಸೇರಿಸಿ ಓದಿದಾಗ ಮತ್ತೆ ಮತ್ತೆ ಕಂಡದ್ದು ಒಂದೇ ಸಾಲು: ಉಪಗ್ರಹವೂ ಸುತ್ತುತ್ತದೆ, ಗರ್ಬಾವೂ ಸುತ್ತುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಬಹಳ ದೂರ ಬರುವುದಿಲ್ಲ. ಸುಮಾರು 500 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ 7.6 ಕಿ.ಮೀ. ವೇಗದಲ್ಲಿ ಓಡುತ್ತದೆ. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ವೇಗ 3.07 ಕಿ.ಮೀ. ಮಾತ್ರ. ಹೊರಗೆ ಹೋದಷ್ಟೂ ನಿಧಾನ. ಗರ್ಬಾದಲ್ಲಿ ಹೊರಗಿನ ಸುತ್ತಿನವರು ಒಳಗಿನವರ ಜೊತೆಗಿರಬೇಕಾದರೆ ಇನ್ನೂ ಬೇಗ ನಡೆಯಬೇಕು. ಎರಡರ ನಡುವಿನ ನಿಜವಾದ ನಂಟು ಲಯದಲ್ಲಿದೆ. ಎಲ್ಲಿ ಲಯ ಕೂಡಲೇಬೇಕು, ಎಲ್ಲಿ ಕೂಡಿದರೆ ಅಪಾಯ ಎಂಬ ಪ್ರಶ್ನೆ ಬೆಳಿಗ್ಗೆಯೂ ಬಂತು, ಸಂಜೆಯೂ ಬಂತು.

ಉಪಗ್ರಹ ಕಟ್ಟುವ ಕೆಲಸ ಎರಡು ಊರುಗಳ ನಡುವೆ ಹಂಚಿಕೆಯಾಗಿರುವುದನ್ನು ಮೊದಲು ತಿಳಿದುಕೊಂಡರೆ ಇಸ್ರೋ ಸೆಂಟರಿನ ಪ್ರದರ್ಶನ ಅರ್ಥವಾಗುತ್ತದೆ. ಉಪಗ್ರಹದ ಒಡಲು ಕಟ್ಟುವುದು, ಜೋಡಿಸುವುದು ಮುಖ್ಯವಾಗಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದು ಹೊತ್ತೊಯ್ಯುವ ಕ್ಯಾಮೆರಾ, ರೇಡಾರ್, ಸಿಗ್ನಲ್ ಪಡೆದು ಮರಳಿ ಕಳಿಸುವ ಟ್ರಾನ್ಸ್‌ಪಾಂಡರ್‌ಗಳಂಥ ಪೇಲೋಡ್‌ಗಳಲ್ಲಿ ಬಹುಪಾಲು ಅಹಮದಾಬಾದಿನವು. ಭೂಸ್ಥಿರ ಕಕ್ಷೆ ಸೇರಿದ ಮೇಲೆ ನೋಡಿಕೊಳ್ಳುವುದು ಹಾಸನದ ನಿಯಂತ್ರಣ ಕೇಂದ್ರ. ಮಂಗಳಯಾನದ ಬಣ್ಣದ ಕ್ಯಾಮೆರಾ ಇಲ್ಲಿಯದೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ಗುಂಡಿ, ಬಂಡೆಗಳನ್ನು ಗುರುತಿಸಿದ ಕ್ಯಾಮೆರಾವೂ ಇಲ್ಲಿಯದೇ.

ಮಾದರಿ ಉಪಗ್ರಹದ ಮುಂದೆ ಎಲ್ಲರೂ ಮೊದಲು ಕೇಳುವುದು ಅದರ ಹೊದಿಕೆಯ ಬಗ್ಗೆ. ಅದು ಚಿನ್ನವೇ? ಅಲ್ಲ. ಕ್ಯಾಪ್ಟಾನ್ (Kapton) ಎಂಬ ಜೇನುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಅಲ್ಯೂಮಿನಿಯಂ ಲೇಪ ಕೊಟ್ಟಾಗ ಹೊರಗಿನಿಂದ ಹೊನ್ನಿನಂತೆ ಕಾಣುತ್ತದೆ. ಇಂಥ ಹತ್ತಾರು ಪದರಗಳ ನಡುವೆ ತೆಳುವಾದ ಬಲೆ ಇಟ್ಟು ಹೊಲಿಯುತ್ತಾರೆ. ಪದರಗಳು ಒಂದಕ್ಕೊಂದು ತಾಗಿದರೆ ಶಾಖ ನೇರವಾಗಿ ಹರಿದುಹೋಗುವುದರಿಂದ ಆ ಬಲೆ ಬೇಕೇ ಬೇಕು. ಹಾಳೆಗಳಲ್ಲಿ ಸಣ್ಣ ಸಣ್ಣ ತೂತುಗಳೂ ಇರುತ್ತವೆ. ರಾಕೆಟ್ ಮೇಲೇರುವಾಗ ಹೊರಗಿನ ಒತ್ತಡ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಹೊದಿಕೆ ಉಬ್ಬಿ ಹರಿಯುತ್ತದೆ.

ಕ್ಲೀನ್ ರೂಮಿನ ಬಿಳಿ ಉಡುಪು, ಟೋಪಿ, ಮಣಿಕಟ್ಟಿನ ಪಟ್ಟಿಯ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಧೂಳು ಒಂದು ಕಾರಣ. ಪಟ್ಟಿಯ ಕೆಲಸವೇ ಬೇರೆ: ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತನ್ನು ನೆಲಕ್ಕೆ ಹರಿಸುವುದು. ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿ ಚಿಪ್ ಒಂದನ್ನು ಅರೆಪೆಟ್ಟು ಮಾಡಿಬಿಡಬಹುದು. ಅಂಥ ಚಿಪ್ ಪರೀಕ್ಷೆಗಳಲ್ಲಿ ಪಾಸಾಗಿ ಕಕ್ಷೆಯಲ್ಲಿ ಕೈಕೊಡುತ್ತದೆ. ಅಂಟಿನ ಆಯ್ಕೆಯಲ್ಲೂ ಇದೇ ಎಚ್ಚರ. ನಿರ್ವಾತದಲ್ಲಿ ಅಂಟು, ಪ್ಲಾಸ್ಟಿಕ್‌ಗಳಿಂದ ಆವಿ ಹೊರಟು ತಣ್ಣಗಿರುವ ಮಸೂರದ ಮೇಲೆ ಕೂರುತ್ತದೆ, ಅಲ್ಲಿ ಒರೆಸುವವರಿಲ್ಲ. ಅದಕ್ಕೇ ಸಾಮಾನ್ಯವಾಗಿ ಪಾಲಿಸುವ ಮಿತಿ ಎಂದರೆ ನಿರ್ವಾತದಲ್ಲಿ ಬಿಸಿ ಮಾಡಿದಾಗ ವಸ್ತು ಕಳೆದುಕೊಳ್ಳುವ ತೂಕ ಶೇ. 1 ಮೀರಬಾರದು, ಅದರಲ್ಲಿ ತಣ್ಣನೆಯ ಫಲಕದ ಮೇಲೆ ಕೂರುವ ಪಾಲು ವಸ್ತುವಿನ ಮೂಲ ತೂಕದ ಶೇ. 0.1 ಮೀರಬಾರದು.

ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಕ್ಯಾಮೆರಾದ ಲೆಕ್ಕ. ಭೂಮಿಯ ಚಿತ್ರ ತೆಗೆಯುವ ಉಪಗ್ರಹ ಫೋನಿನಂತೆ ಒಮ್ಮೆಗೇ ಇಡೀ ಚೌಕಟ್ಟು ಹಿಡಿಯುವುದು ಕಡಿಮೆ. ಸಂವೇದಕಗಳ ಒಂದು ಸಾಲು ನೆಲದ ಒಂದು ಗೆರೆ ನೋಡುತ್ತದೆ, ಉಪಗ್ರಹ ಮುಂದೆ ಸರಿಯುತ್ತದೆ, ಮುಂದಿನ ಗೆರೆ ಬರುತ್ತದೆ. 500 ಕಿ.ಮೀ. ಎತ್ತರದಲ್ಲಿದ್ದಾಗ ಕೆಳಗಿನ ನೆಲ ಸೆಕೆಂಡಿಗೆ ಸುಮಾರು 7 ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಒಂದು ಮೀಟರ್ ಅಗಲದ ಗೆರೆ ನೋಡಲು ಸಿಗುವ ಸಮಯ ಸೆಕೆಂಡಿನ ಏಳು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ಸಾಕಷ್ಟು ಬೆಳಕು ಬರುವುದಿಲ್ಲ. ಆದ್ದರಿಂದ ಒಂದರ ಹಿಂದೊಂದು ಹಲವು ಸಾಲು ಸಂವೇದಕಗಳನ್ನು ಇಟ್ಟು, ಮೊದಲ ಸಾಲಿನಲ್ಲಿ ಕೂಡಿದ ವಿದ್ಯುದಂಶವನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ದಾಟಿಸುತ್ತಾ ಹೋಗುತ್ತಾರೆ. ನೆಲದ ಅದೇ ಗೆರೆಯ ಬಿಂಬವೂ ಅದೇ ಹೊತ್ತಿಗೆ ಮುಂದಿನ ಸಾಲಿಗೆ ಸರಿದಿರುತ್ತದೆ. ಈ ವಿಧಾನಕ್ಕೆ ಟಿಡಿಐ ಎನ್ನುತ್ತಾರೆ. ಬಿಂಬ ಸರಿಯುವ ವೇಗಕ್ಕೂ ವಿದ್ಯುದಂಶ ದಾಟುವ ವೇಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅದು ಸಾಲಿಂದ ಸಾಲಿಗೆ ಬೆಳೆದು ಚಿತ್ರ ಕಲಸಿಹೋಗುತ್ತದೆ. ಸಾಲು ಹೆಚ್ಚಿಸಿದಷ್ಟೂ ಬೆಳಕು ಹೆಚ್ಚು, ತಪ್ಪಿನ ಅಪಾಯವೂ ಹೆಚ್ಚು.

ಇದಕ್ಕೆ ತದ್ವಿರುದ್ಧವಾದದ್ದು ಸಂವಹನ ಪೇಲೋಡ್‌ಗಳ ಕಥೆ. ಹೆಚ್ಚು ಶಕ್ತಿಯ ರೇಡಿಯೊ ಅಲೆ ಲೋಹದ ಕೊಳವೆಯೊಳಗೆ ಹೋಗುವಾಗ, ನಿರ್ವಾತದಲ್ಲಿ ತಿರುಗುವ ಬಿಡಿ ಎಲೆಕ್ಟ್ರಾನ್ ಒಂದು ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಇನ್ನಷ್ಟು ಎಲೆಕ್ಟ್ರಾನ್‌ಗಳು ಸಿಡಿಯುತ್ತವೆ. ಅವು ಎದುರು ಗೋಡೆ ತಲುಪುವ ಸಮಯ ಅಲೆಯ ಅರ್ಧ ಆವರ್ತಕ್ಕೆ ಸರಿಹೊಂದಿಬಿಟ್ಟರೆ ಪ್ರತಿ ಬಡಿತಕ್ಕೂ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. 4 ಗಿಗಾಹರ್ಟ್ಸ್ ಅಲೆಗೆ ಆ ಅರ್ಧ ಆವರ್ತ ಸೆಕೆಂಡಿನ ಎಂಟು ಶತಕೋಟಿಯಲ್ಲೊಂದು ಪಾಲು. ಮಲ್ಟಿಪ್ಯಾಕ್ಟರ್ ಎಂಬ ಈ ಕಾಟ ಸಿಗ್ನಲ್ ಕೆಡಿಸುತ್ತದೆ, ಮಿತಿ ಮೀರಿದರೆ ಭಾಗವನ್ನೇ ಸುಡುತ್ತದೆ. ಪರಿಹಾರವೆಂದರೆ ಲಯ ಕೂಡದಂತೆ ನೋಡಿಕೊಳ್ಳುವುದು: ಗೋಡೆಗಳ ನಡುವಿನ ಅಂತರ ಬದಲಿಸಬೇಕು, ಇಲ್ಲವೇ ಎಲೆಕ್ಟ್ರಾನ್ ಸುಲಭವಾಗಿ ಸಿಡಿಯದ ಲೇಪ ಕೊಡಬೇಕು.

ಕಂಪನ ಪರೀಕ್ಷೆಯಲ್ಲೂ ಹೀಗೆಯೇ. ರಾಕೆಟ್ಟಿನ ಅಲುಗಾಟ ಉಪಗ್ರಹದ ಸಹಜ ಕಂಪನಕ್ಕೆ ಹೊಂದಿದರೆ ಎರಡೂ ಸೇರಿ ಹಿಗ್ಗುತ್ತವೆ. ಇಲ್ಲಿನ ಒಂದು ಉಪಾಯ ಬಹಳ ಸರಳ. ಮೊದಲು ಮೆಲ್ಲಗೆ ಅಲುಗಾಡಿಸಿ ಯಾವ ಯಾವ ಆವರ್ತನದಲ್ಲಿ ಅದು ಸ್ಪಂದಿಸುತ್ತದೆಂದು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಜೋರು ಪರೀಕ್ಷೆ. ಮುಗಿದ ಮೇಲೆ ಮತ್ತೆ ಮೆಲ್ಲಗೆ ಅಲುಗಾಡಿಸುತ್ತಾರೆ. ಮೊದಲಿನ ಗೆರೆಗೂ ಕೊನೆಯ ಗೆರೆಗೂ ತಾಳೆಯಾಗದಿದ್ದರೆ ಒಳಗೆ ಎಲ್ಲೋ ಬೋಲ್ಟ್ ಸಡಿಲಾಗಿದೆ ಅಥವಾ ಏನೋ ಬಿರುಕು ಬಿಟ್ಟಿದೆ ಎಂದು ಅರ್ಥ. ಬಿಚ್ಚದೆಯೇ ಗೊತ್ತಾಗುತ್ತದೆ.

ಈ ಊರಿನ ಬಾಹ್ಯಾಕಾಶ ಕೆಲಸಕ್ಕೆ ಬೆಂಗಳೂರಿನ ಕೊಂಡಿ ಇಸ್ರೋಗಿಂತ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಜ್‌ನಿಂದ ಮರಳಿದ ವಿಕ್ರಮ್ ಸಾರಾಭಾಯಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ಮಾಡಿದರು. ನೃತ್ಯಗಾತಿ ಮೃಣಾಲಿನಿ ಅವರನ್ನು 1942ರಲ್ಲಿ ಮದುವೆಯಾದರು. 1947ರಲ್ಲಿ ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭಿಸಿದರೆ, 1949ರಲ್ಲಿ ಮೃಣಾಲಿನಿ ಅದೇ ಊರಿನಲ್ಲಿ ದರ್ಪಣ ನೃತ್ಯ ಸಂಸ್ಥೆ ಕಟ್ಟಿದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಸಾರಾಭಾಯಿ ಮಾರ್ಗದರ್ಶನದಲ್ಲೇ ಪಿಎಚ್.ಡಿ. ಮಾಡಿ, ಮುಂದೆ ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟ ಉಪಗ್ರಹ ಕಟ್ಟಿದ ತಂಡದ ಮುಂದಾಳಾದರು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ (SITE) ಎಂಬ ಉಪಗ್ರಹ ಶಿಕ್ಷಣ-ಟಿವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಆಂಟೆನಾ ಆ ಹಳ್ಳಿಗಳಲ್ಲಿ ಸಿಗ್ನಲ್ ಹಿಡಿಯಿತು. ದುಬಾರಿ ವಸ್ತುವಿಗಾಗಿ ಕಾಯದೆ ಕೆಲಸ ಸಾಗಿಸಿದ ಆ ಬುದ್ಧಿಗೆ ಎಷ್ಟು ಗೌರವ ಕೊಟ್ಟರೂ ಸಾಲದು.

ಸಂಜೆ ಅಂಗಳದ ನಡುವೆ ತೂತುಗಳಿರುವ ಮಣ್ಣಿನ ಗಡಿಗೆ ಇಟ್ಟು ಒಳಗೆ ದೀಪ ಹಚ್ಚಿದ್ದರು. ಅದನ್ನು ಗರ್ಬೊ ಎನ್ನುತ್ತಾರೆ. ಅದರ ಅಥವಾ ಅಂಬೆಯ ಮೂರ್ತಿಯ ಸುತ್ತ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುವುದು ವಾಡಿಕೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗರ್ಬಾವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅಲ್ಲಿ ಕಲಿಸುವವರಿಗೆ ಇದು ಮೊದಲು ಆರಾಧನೆ. ಬರಿಗಾಲು ಕಡ್ಡಾಯ ಎಂದು ಅವರು ಹೇಳಿದ್ದು ಆ ಕಾರಣಕ್ಕೆ.

ಮೊದಲ ಪಾಠ ತ್ರಣ್ ತಾಳಿ, ಅಂದರೆ ಮೂರು ಚಪ್ಪಾಳೆ. ಹೆಜ್ಜೆಯ ವಿವರ ಊರಿಂದೂರಿಗೆ ಬದಲಾಗುತ್ತದೆ, ನಮಗೆ ಹೇಳಿಕೊಟ್ಟ ಕ್ರಮ ಇದು. ಒಂದಕ್ಕೆ ಬಲಗಾಲು ಮುಂದಿಟ್ಟು ಸೊಂಟದಿಂದ ಬಾಗಿ ಚಪ್ಪಾಳೆ. ಎರಡಕ್ಕೆ ಎಡಗಾಲು ಜೊತೆಗೂಡಿಸಿ ಎದೆಮಟ್ಟದಲ್ಲಿ ಚಪ್ಪಾಳೆ. ಮೂರಕ್ಕೆ ಬಲಗಾಲು ಹಿಂದಕ್ಕೆ, ಮೂರನೇ ಚಪ್ಪಾಳೆ. ನಾಲ್ಕನೆಯದು ಖಾಲಿ: ಕೈ ಬಿಡಿಸಿ, ಎಡಗಾಲಿನ ಮೇಲೆ ಭಾರ ಹಾಕಿ, ಮುಂದಿನ ಸುತ್ತಿಗೆ ಮೈ ತಿರುಗಿಸಬೇಕು. ಹೊಸಬರು ಕೆಡಿಸುವುದು ಆ ಖಾಲಿ ಮಾತ್ರೆಯನ್ನೇ. ಚಪ್ಪಾಳೆ ಇಲ್ಲವೆಂದು ಅದನ್ನು ಬೇಗ ದಾಟಿಬಿಡುತ್ತಾರೆ, ಮುಂದಿನ ಒಂದು ಢೋಲಿಗಿಂತ ಮೊದಲೇ ಬಿದ್ದುಬಿಡುತ್ತದೆ. ಬಾಯಲ್ಲಿ ನಾಲ್ಕನ್ನು ಉಳಿದವುಗಳಿಗಿಂತ ಜೋರಾಗಿ ಹೇಳಿಕೊಳ್ಳುವುದೇ ಮದ್ದು.

ಹೀಂಚ್ ಬಂದಾಗ ಇನ್ನೊಂದು ತೊಡಕು. ಅದು ಆರು ಮಾತ್ರೆಯ ತಾಳ. ಒತ್ತು ಬೀಳುವುದು ಒಂದು ಮತ್ತು ನಾಲ್ಕರ ಮೇಲೆ. ಸಿನಿಮಾ ಹಾಡುಗಳ ಎಂಟರ ಎಣಿಕೆಗೆ ಪಳಗಿದ ಕಾಲು ಇಲ್ಲಿ ತಡವರಿಸುತ್ತದೆ. ಕರ್ನಾಟಕ ಸಂಗೀತ ಕಲಿತವರು ತಿಶ್ರ ನಡೆಯೆಂದು ಮನಸ್ಸಿನಲ್ಲೇ ಇಟ್ಟುಕೊಂಡು ಬೇಗ ಹಿಡಿದರು.

ಸುತ್ತುಗಳು ಹೆಚ್ಚಿದಾಗ ಜ್ಯಾಮಿತಿ ಅಡ್ಡ ಬರುತ್ತದೆ. ನಡುವಿನಿಂದ 4 ಮೀಟರ್ ದೂರದ ಸುತ್ತಿನ ಉದ್ದ ಸುಮಾರು 25 ಮೀಟರ್, 7 ಮೀಟರ್ ದೂರದ್ದು 44 ಮೀಟರ್. ಅರ್ಧ ಮೀಟರಿನ ಹೆಜ್ಜೆ ಇಟ್ಟರೆ ಒಳಗಿನವರಿಗೆ 50, ಹೊರಗಿನವರಿಗೆ 88 ಹೆಜ್ಜೆ. ಪಕ್ಕದ ಸುತ್ತಿನ ಗೆಳತಿಯ ಜೊತೆಗೇ ಸಾಗಬೇಕೆಂದು ಹೊರಗಿನವರು ಹೆಜ್ಜೆ ಹಿಗ್ಗಿಸಿದರೆ ಕಾಲು ತಡವಾಗಿ ನೆಲಕ್ಕೆ ಬರುತ್ತದೆ, ಚಪ್ಪಾಳೆ ಜಾರುತ್ತದೆ. ಎಲ್ಲ ಸುತ್ತುಗಳಿಗೂ ಮಾತ್ರೆ ಒಂದೇ ಇರಲಿ, ಸುತ್ತು ಮುಗಿಯುವ ಹೊತ್ತು ಬೇರೆ ಬೇರೆಯಾಗಲಿ ಎಂಬುದು ಅಲ್ಲಿನ ರೀತಿ. ಟಿಡಿಐ ಸಾಲುಗಳನ್ನು ಬೆಳಿಗ್ಗೆ ನೋಡಿದ್ದವರಿಗೆ ಇದು ಥಟ್ಟನೆ ಅರ್ಥವಾಯಿತು: ಕೂಡಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂದು ಮೊದಲೇ ತೀರ್ಮಾನವಾಗಿರಬೇಕು. ಕೊನೆಯಲ್ಲಿ ಢೋಲ್ ಓಟಕ್ಕೆ ಬಿದ್ದಾಗ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ. ಹಿಮ್ಮಡಿ ಕುಟ್ಟದೆ ಮುಂಗಾಲಿನ ಮೇಲೆ ಇಳಿಯಿರಿ. ಘೇರು (ಅಂಚಿನ ಸುತ್ತಳತೆ) ಹೆಚ್ಚಿರುವ ಚಣಿಯಾ, ಅಂದರೆ ಲಂಗ, ಉಟ್ಟವರು ಅಂಚು ಕಾಲಗಂಟಿಗಿಂತ ಮೇಲಿರುವಂತೆ ಕಟ್ಟಿಕೊಳ್ಳಿ.

ದಾಂಡಿಯಾ ರಾಸ್‌ಗೆ ಎದುರುಬದುರು ಎರಡು ಸಾಲು, ಮೊಳದುದ್ದದ ಕೋಲು. ಬಲಕ್ಕೆ ಬಲ, ಎಡಕ್ಕೆ ಎಡ, ತಿರುಗುತ್ತಾ ತನ್ನೆರಡು ಕೋಲು, ಮತ್ತೆ ಬಲಕ್ಕೆ ಬಲ, ಉಳಿದ ನಾಲ್ಕು ಮಾತ್ರೆಯಲ್ಲಿ ಮುಂದಿನ ಜೊತೆಗಾರರ ಎದುರಿಗೆ. ಸಾಲಿನ ನಡುವೆ ಇರುವವರಿಗೆ ಇದು ಸುಲಭ. ಕೆಡುವುದು ತುದಿಯಲ್ಲಿ. ತುದಿ ತಲುಪಿದವರಿಗೆ ಎದುರಾಳಿ ಇರುವುದಿಲ್ಲ, ಅವರು ಆಚೆ ಸಾಲಿಗೆ ದಾಟಿಕೊಳ್ಳಬೇಕು. ಒಂದು ಆವರ್ತ ಖಾಲಿ ಕೋಲು ಬೀಸುತ್ತಾ ಲಯ ಬಿಡದೆ ನಿಲ್ಲಬೇಕಾಗಬಹುದು. ಅಲ್ಲಿ ಒಬ್ಬರು ಎಡವಿದರೆ ಎರಡೂ ಸಾಲು ನಿಲ್ಲುತ್ತವೆ. ಅನುಭವಿಗಳನ್ನು ತುದಿಗಳಲ್ಲಿ ನಿಲ್ಲಿಸಿ ಆರಂಭಿಸುವುದು ಅದಕ್ಕೇ. ಕೋಲನ್ನು ಬಿಗಿಯಾಗಿ ಹಿಡಿದರೆ ಹೊಡೆತ ಮಣಿಕಟ್ಟಿಗೆ ಬರುತ್ತದೆ. ತುದಿಯಿಂದ ಸ್ವಲ್ಪ ಮೇಲೆ ಸಡಿಲವಾಗಿ ಹಿಡಿದು, ಎದುರಿನವರ ಬೆರಳಿಗೆ ತಾಗದಂತೆ ಕೋಲಿನ ಮೇಲ್ಭಾಗಕ್ಕೇ ತಟ್ಟಬೇಕು.

ಕೋಲಾಟ ಆಡಿ ಬೆಳೆದವರ ಕಣ್ಣು ಅರಳಿದ್ದು ಗೋಫ್ ಗೂಂಥಣ್ ಮಾಡಿದಾಗ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಕುಣಿಯುತ್ತಾ ಹೆಣೆಯುವುದು ನಮ್ಮ ಜಡೆ ಕೋಲಾಟವೇ. ಜನ ಸಮಸಂಖ್ಯೆಯಲ್ಲಿರಬೇಕು. ಅರ್ಧ ಮಂದಿ ಬಲಸುತ್ತು, ಅರ್ಧ ಮಂದಿ ಎಡಸುತ್ತು. ಎದುರಾದವರನ್ನು ಒಮ್ಮೆ ಒಳಗಿನಿಂದ, ಮುಂದಿನವರನ್ನು ಹೊರಗಿನಿಂದ ದಾಟಬೇಕು. ಹೆಣೆಯುವಾಗ ಆದ ತಪ್ಪು ಆಗಲೇ ಕಾಣುವುದಿಲ್ಲ. ಬಿಚ್ಚುವಾಗ ಹಗ್ಗ ಗಂಟಾಗಿ ನಿಂತಾಗಲೇ ಗೊತ್ತಾಗುವುದು. ಬಿಚ್ಚಲು ದಿಕ್ಕು ತಿರುಗಿಸಿ, ಕೊನೆಯ ದಾಟಿನಿಂದ ಮೊದಲ್ಗೊಂಡು ಹಿಂದಕ್ಕೆ ಬರಬೇಕು. ಹೆಣೆದಷ್ಟೇ ಸುತ್ತು ಬಿಚ್ಚಬೇಕಾದ್ದರಿಂದ ಒಬ್ಬರು ಹೊರಗೆ ನಿಂತು ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿರಬೇಕು. ಮೊದಲ ಸಲ ಮಾಡುವವರು ಎಂಟು ಜನರಿಂದ ಶುರುಮಾಡಿ, ಅಕ್ಕಪಕ್ಕದವರಿಗೆ ಬೇರೆ ಬೇರೆ ಬಣ್ಣದ ಹಗ್ಗ ಕೊಡಿ. ಆಗ ಗಂಟು ಬಿದ್ದರೂ ಯಾರ ದಾಟು ತಪ್ಪಿತೆಂದು ಬಣ್ಣ ನೋಡಿಯೇ ಹೇಳಬಹುದು.