ಬಡ್ಡಿ ಇಳೀತು, ಮನೆ ಮಾತ್ರ ಇನ್ನೂ ದೂರ

ಅಕ್ಕ-ಭಾವ ಬೆಂಗಳೂರಲ್ಲಿ ಫ್ಲ್ಯಾಟ್ ಹುಡುಕ್ತಾ ಹುಡುಕ್ತಾ ವರ್ಷಾನೇ ಆಗೋಯ್ತು. 2025ರಲ್ಲಿ ಆರ್‌ಬಿಐ ರೆಪೋ ದರ, ಅಂದ್ರೆ ಅದು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಶೇ 6.5ರಿಂದ ಶೇ 5.25ಕ್ಕೆ ಇಳಿಸ್ತು, ಇಎಂಐ ಸ್ವಲ್ಪ ಹಗುರ ಆಗತ್ತೆ ಅಂತ ಮನೇಲಿ ಎಲ್ರಿಗೂ ಖುಷಿ, ಆದ್ರೆ ಅದೇ ವರ್ಷ ಆಗಸ್ಟ್ 31ರಿಂದ ರಾಜ್ಯದಲ್ಲಿ ರಿಜಿಸ್ಟ್ರೇಷನ್ ಫೀಸ್ ಶೇ 1 ಇದ್ದಿದ್ದು ಶೇ 2 ಆಯ್ತು, ಅಂದ್ರೆ 80 ಲಕ್ಷದ ಫ್ಲ್ಯಾಟಿಗೆ 80 ಸಾವಿರ ಕಟ್ಬೇಕಿದ್ದೋರು ಈಗ 1.6 ಲಕ್ಷ ಕಟ್ಬೇಕು, ಸ್ಟ್ಯಾಂಪ್ ಡ್ಯೂಟಿ ಶೇ 5 ಬೇರೆ, ಸೆಸ್ಸು ಸರ್‌ಚಾರ್ಜು ಬೇರೆ. ಲೋನ್ ಸಿಕ್ರೂ ಈ ದುಡ್ಡು ಬಹುತೇಕ ನಮ್ಮ ಕೈಯಿಂದ್ಲೇ ಹೋಗೋದು. ಸಂಬಳದವ್ರಿಗೆ ಇದು ನಿಜವಾಗ್ಲೂ ಅನ್ಯಾಯ ಅನ್ಸತ್ತೆ ನಂಗೆ.

ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾದ್ಮೇಲೆ ಆ ಕಡೆ ನೋಡೋಣ ಅಂತ ಹೋದ್ವಿ. ಒಂದು ಫ್ಲ್ಯಾಟ್ ತುಂಬಾ ಹಿಡಿಸ್ತು, ಪೂರ್ವಕ್ಕೆ ಬಾಲ್ಕನಿ, ಅಡುಗೆಮನೆಗೆ ಒಳ್ಳೆ ಬೆಳಕು, ಅಕ್ಕ ಆಗ್ಲೇ ದೇವರಮನೆ ಎಲ್ಲಿ ಅಂತ ಜಾಗ ನೋಡ್ತಿದ್ಲು. ಪೇಪರ್ಸ್ ಕೇಳಿದ್ರೆ ಇರೋದು ಬಿ ಖಾತಾ (ನಿಯಮ ಪೂರ್ತಿ ಪಾಲಿಸದ ಆಸ್ತಿಯ ಖಾತಾ), ಓಸಿ (ಕಟ್ಟಡದಲ್ಲಿ ವಾಸ ಮಾಡ್ಬಹುದು ಅನ್ನೋ ಸರ್ಟಿಫಿಕೇಟ್) ಇಲ್ವೇ ಇಲ್ಲ, "ಆಮೇಲೆ ಎಲ್ಲಾ ಆಗತ್ತೆ ಮೇಡಂ, ಟೆನ್ಷನ್ ತಗೋಬೇಡಿ" ಅಂದ್ರು ಬ್ರೋಕರ್. ಓಸಿ ಇಲ್ದಿದ್ರೆ ಕರೆಂಟ್ ಕನೆಕ್ಷನ್ನಿಗೇ ಕಷ್ಟ ಇರೋವಾಗ ಜೀವಮಾನದ ಉಳಿತಾಯನ ಬರೀ ಮಾತು ನಂಬಿ ಹಾಕೋಕಾಗತ್ತಾ? ಹುಡುಕ್ತಿರೋರು ದಯವಿಟ್ಟು ಅಡ್ವಾನ್ಸ್ ಕೊಡೋಕ್ಮುಂಚೆ ಇಸಿ (ಆಸ್ತಿ ಮೇಲೆ ಸಾಲ-ಋಣ ಇದ್ಯಾ ಅಂತ ತೋರಿಸೋ ಪತ್ರ), ಮದರ್ ಡೀಡ್ (ಆಸ್ತಿಯ ಹಳೇ ಮೂಲ ಪತ್ರ), ಇ-ಖಾತಾ (ಡಿಜಿಟಲ್ ಖಾತಾ) ಮೂರನ್ನೂ ಒಬ್ಬ ಲಾಯರ್ ಹತ್ರ ತೋರಿಸ್ಕೊಳಿ.

ಆ ಕಡೆ ಎ ಖಾತಾ (ನಿಯಮದ ಪ್ರಕಾರ ಇರೋ ಆಸ್ತಿಯ ಖಾತಾ), ಓಸಿ ಎರಡೂ ಇರೋ ಮನೆ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ, ಅಕ್ಕಂಗೆ ಹೇಳ್ತೀನಿ.