ಮೂರು ಸುತ್ತು, ಮೂರು ಸ್ಥಾನ: ಕ್ರೊಯೇಷಿಯಾದ ಸರ್ಬ್ ಪಕ್ಷದ ಲೆಕ್ಕ

ಕ್ರೊಯೇಷಿಯಾದಲ್ಲಿ ಪ್ರತಿ ಸಂಸತ್ ಚುನಾವಣೆ ಮುಗಿದಾಗಲೂ ಒಂದು ದೂರು ಏಳುತ್ತದೆ. ಸರ್ಬ್ ಅಲ್ಪಸಂಖ್ಯಾತರ ಪಕ್ಷವಾದ ಎಸ್‌ಡಿಎಸ್‌ಎಸ್‌ನವರು ಬೇರೆಯವರಿಗಿಂತ ತೀರಾ ಕಡಿಮೆ ಮತ ಪಡೆದು ಸಂಸತ್ತಿಗೆ ಹೋಗುತ್ತಾರೆ ಎನ್ನುವುದು ಆ ದೂರು. ಮತ ಕಡಿಮೆ ಇರುವುದು ನಿಜ. ಆದರೆ ಅದು ಯಾಕೆ ಕಡಿಮೆ ಎಂದು ಕೇಳುವವರು ಅಪರೂಪ. ಉತ್ತರ ಮತಗಟ್ಟೆಯಲ್ಲೇ ಇದೆ.

ಸಾಬೊರ್ ಎಂದು ಕರೆಯುವ ಅಲ್ಲಿನ ಸಂಸತ್ತಿನಲ್ಲಿ 151 ಸ್ಥಾನಗಳಿವೆ. ದೇಶವನ್ನು 10 ಕ್ಷೇತ್ರಗಳಾಗಿ ಹಂಚಿ, ಒಂದೊಂದರಿಂದ 14 ಜನರಂತೆ 140 ಮಂದಿಯನ್ನು ಆರಿಸುತ್ತಾರೆ. 11ನೇ ಕ್ಷೇತ್ರ ಹೊರದೇಶದಲ್ಲಿ ನೆಲೆಸಿದವರದು, ಅಲ್ಲಿಂದ 3. ಉಳಿದ 8 ಸ್ಥಾನ 12ನೇ ಕ್ಷೇತ್ರದ್ದು. ಈ ಕ್ಷೇತ್ರಕ್ಕೆ ನಕ್ಷೆಯಲ್ಲಿ ಗಡಿ ಇಲ್ಲ, ಇಡೀ ದೇಶದ ಅಲ್ಪಸಂಖ್ಯಾತರೆಲ್ಲ ಅದರೊಳಗೆ ಬರುತ್ತಾರೆ. ಸರ್ಬರಿಗೆ 3, ಇಟಾಲಿಯನ್ನರಿಗೆ 1, ಹಂಗೇರಿಯನ್ನರಿಗೆ 1, ಝೆಕ್ ಮತ್ತು ಸ್ಲೊವಾಕರಿಗೆ ಸೇರಿ 1. ಮಿಕ್ಕ ಸಣ್ಣ ಸಮುದಾಯಗಳನ್ನು ಎರಡು ಗುಂಪು ಮಾಡಿ ಗುಂಪಿಗೊಂದು ಸ್ಥಾನ ಕೊಟ್ಟಿದ್ದಾರೆ.

ಮತಪಟ್ಟಿಯಲ್ಲಿ ಸರ್ಬ್ ಎಂದು ದಾಖಲಾದವರು ಮತಗಟ್ಟೆಗೆ ಬಂದಾಗ ಎರಡರಲ್ಲಿ ಒಂದು ಮತಪತ್ರವನ್ನು ಆರಿಸಿಕೊಳ್ಳಬೇಕು. ಅಲ್ಪಸಂಖ್ಯಾತರ ಪತ್ರ ತೆಗೆದುಕೊಂಡರೆ ತಾವಿರುವ ಊರಿನ ಕ್ಷೇತ್ರದಲ್ಲಿ ಮತವಿಲ್ಲ. ಸಾಮಾನ್ಯ ಪತ್ರ ತೆಗೆದುಕೊಂಡರೆ ಮೀಸಲು ಸ್ಥಾನಕ್ಕೆ ಮತವಿಲ್ಲ. ಸರ್ಕಾರ ಯಾವ ದೊಡ್ಡ ಪಕ್ಷದ್ದಾಗಬೇಕು ಎನ್ನುವುದರಲ್ಲೂ ದನಿ ಇರಬೇಕು, ತಮ್ಮವರೂ ಸಂಸತ್ತಿನಲ್ಲಿರಬೇಕು ಎನ್ನುವವರ ಪಾಡು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ. ಸಾಲದ್ದಕ್ಕೆ ಈ ಆಯ್ಕೆ ಪರದೆಯ ಹಿಂದೆ ನಡೆಯುವುದಲ್ಲ, ಮೇಜಿನ ಮುಂದೆ ಸಿಬ್ಬಂದಿಯ ಎದುರೇ ನಡೆಯುತ್ತದೆ. 1991ರಿಂದ 1995ರವರೆಗಿನ ಕ್ರೊಯಾಟ್–ಸರ್ಬ್ ಯುದ್ಧ ಕಂಡ ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ‘ನನಗೆ ಸರ್ಬ್ ಪತ್ರ ಕೊಡಿ’ ಎನ್ನಲು ನಾಲಿಗೆ ತಡವರಿಸುತ್ತದೆ. ಹೀಗೆ ಅನೇಕರು ಸಾಮಾನ್ಯ ಪತ್ರದ ಕಡೆ ವಾಲುತ್ತಾರೆ, ಮೀಸಲು ಸ್ಥಾನದ ಮತ ಕುಗ್ಗುತ್ತದೆ. ಆಮೇಲೆ ಆ ಕುಗ್ಗಿದ ಸಂಖ್ಯೆಯನ್ನೇ ಹಿಡಿದು ‘ಇವರಿಗೆ ಬೆಂಬಲವೇ ಇಲ್ಲ’ ಎನ್ನುತ್ತಾರೆ. ಇದು ಅನ್ಯಾಯದ ವಾದ.

ಫಲಿತಾಂಶ ಓದುವಾಗಲೂ ಹಲವರು ಎಡವುತ್ತಾರೆ. ಸರ್ಬ್ ಮತಪತ್ರದಲ್ಲಿ ಒಬ್ಬ ಮತದಾರ ಮೂವರು ಅಭ್ಯರ್ಥಿಗಳವರೆಗೆ ಸುತ್ತು, ಅಂದರೆ ವೃತ್ತದ ಗುರುತು, ಹಾಕಿ ಮತ ಕೊಡಬಹುದು. ಆದ್ದರಿಂದ ಅಭ್ಯರ್ಥಿಗಳ ಮತಗಳನ್ನು ಕೂಡಿಸಿದರೆ ಮತ ಹಾಕಿದ ಜನರ ಸಂಖ್ಯೆ ಸಿಗುವುದಿಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. 10 ಸಾಮಾನ್ಯ ಕ್ಷೇತ್ರಗಳಲ್ಲಿ ಪಕ್ಷಗಳಿಗೆ ಮತದ ಪ್ರಮಾಣದಲ್ಲಿ ಸ್ಥಾನ ಹಂಚುತ್ತಾರೆ. ಇಲ್ಲಿ ಆ ಹಂಚಿಕೆ ಇಲ್ಲ, ಹೆಚ್ಚು ಸುತ್ತು ಬಿದ್ದ ಮೊದಲ ಮೂವರು ಗೆದ್ದಂತೆ. ಮತದಾರರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಒಂದೇ ಪಕ್ಷದ ಮೂವರಿಗೂ ಸುತ್ತಿದರೆ ಮೂರೂ ಸ್ಥಾನ ಆ ಪಕ್ಷಕ್ಕೇ. 2003ರಿಂದ 2024ರವರೆಗೆ ಎಲ್ಲ ಚುನಾವಣೆಗಳಲ್ಲೂ ಮೂರೂ ಸ್ಥಾನ ಎಸ್‌ಡಿಎಸ್‌ಎಸ್‌ಗೆ ಬಂದದ್ದರಲ್ಲಿ ಪಕ್ಷದ ಸಂಘಟನೆಯ ಪಾಲೂ ಇದೆ, ಈ ನಿಯಮದ ಪಾಲೂ ಇದೆ. ಸರ್ಬರೊಳಗಿನ ಭಿನ್ನಮತಕ್ಕೆ ಇಲ್ಲಿ ಜಾಗವೇ ಇಲ್ಲ, ಈ ಕೊರತೆಯನ್ನು ಪಕ್ಷದ ಹಿತೈಷಿಗಳೂ ಒಪ್ಪಿಕೊಳ್ಳಬೇಕು.

ಪಕ್ಷ ಹುಟ್ಟಿದ್ದು 1997ರಲ್ಲಿ, ದೇಶದ ಪೂರ್ವ ಅಂಚಿನ ವುಕೊವಾರ್‌ನಲ್ಲಿ. 1995ರ ಎರ್ದುತ್ ಶಾಂತಿ ಒಪ್ಪಂದದಂತೆ ವುಕೊವಾರ್ ಇರುವ ಪೂರ್ವ ಸ್ಲಾವೊನಿಯಾ ಪ್ರದೇಶ ವಿಶ್ವಸಂಸ್ಥೆಯ ಆಡಳಿತದಲ್ಲಿದ್ದು, 1998ರ ಜನವರಿಯಲ್ಲಿ ಪೂರ್ತಿಯಾಗಿ ಕ್ರೊಯೇಷಿಯಾಕ್ಕೆ ಮರಳಿತು. ಈ ನಡುವೆ ಅಲ್ಲಿನ ಸರ್ಬರಿಗೆ ರಾಜಧಾನಿ ಝಾಗ್ರೆಬ್ ಜೊತೆ ಮಾತಾಡಲು ಒಂದು ಪಕ್ಷ ಬೇಕಿತ್ತು. ಅದನ್ನು ಕಟ್ಟಿದವರು ವೊಯಿಸ್ಲಾವ್ ಸ್ತಾನಿಮಿರೊವಿಚ್. 2017ರಲ್ಲಿ ಅಧ್ಯಕ್ಷರಾದ ಮಿಲೊರಾದ್ ಪುಪೊವಾತ್ಸ್ ಭಾಷಾವಿಜ್ಞಾನಿ.

ಮೂರು ಸ್ಥಾನಕ್ಕೆ ಬೆಲೆ ಬರುವುದು ಬಹುಮತ ಕೂದಲೆಳೆಯಷ್ಟು ತೆಳ್ಳಗಿದ್ದಾಗ. ಬಹುಮತಕ್ಕೆ ಬೇಕಾದದ್ದು 76. 2020ರಲ್ಲಿ ಪ್ರಧಾನಿ ಆಂದ್ರೆ ಪ್ಲೆಂಕೊವಿಚ್ ಅವರ ಸರ್ಕಾರಕ್ಕೆ ಬಿದ್ದ ಮತ ಸರಿಯಾಗಿ 76, ಅದರಲ್ಲಿ 8 ಅಲ್ಪಸಂಖ್ಯಾತ ಸದಸ್ಯರದು. ಎಸ್‌ಡಿಎಸ್‌ಎಸ್‌ನ ಬೊರಿಸ್ ಮಿಲೊಶೆವಿಚ್ ಉಪಪ್ರಧಾನಿಯಾದರು. ಆ ವರ್ಷ ಆಗಸ್ಟ್ 5ರಂದು ಅವರು ಕ್ನಿನ್‌ನ ವಿಜಯೋತ್ಸವಕ್ಕೆ ಹೋದರು. 1995ರಲ್ಲಿ ಒಂದೂವರೆಯಿಂದ ಎರಡು ಲಕ್ಷ ಸರ್ಬರು ಮನೆಮಠ ಬಿಟ್ಟು ಓಡಬೇಕಾಗಿ ಬಂದ, ಕ್ರೊಯೇಷಿಯಾ ಸೇನೆಯ ‘ಓಲುಯಾ’ ಕಾರ್ಯಾಚರಣೆಯ ನೆನಪಿನ ದಿನ ಅದು. ಅದೇ ತಿಂಗಳು ಯೋಧರ ಖಾತೆಯ ಸಚಿವ ತೊಮೊ ಮೆದ್ವೆದ್, ಸರ್ಬ್ ನಾಗರಿಕರ ಕೊಲೆ ನಡೆದಿದ್ದ ಗ್ರುಬೊರಿ ಹಳ್ಳಿಯ ಸ್ಮರಣೆಗೆ ಬಂದರು. ಬಹುಮತದ ಲೆಕ್ಕ ಇಷ್ಟು ಬಿಗಿಯಾಗಿರದಿದ್ದರೆ ಈ ಎರಡು ಹೆಜ್ಜೆಗಳು ಬೀಳುತ್ತಿದ್ದವೆಂದು ನನಗನ್ನಿಸುವುದಿಲ್ಲ. ಇಂಥ ಹೊಂದಾಣಿಕೆಗಳ ಮಾತುಕತೆಯಲ್ಲಿ ಪಕ್ಷ ಕೇಳುತ್ತ ಬಂದದ್ದು ದೊಡ್ಡ ಘೋಷಣೆಗಳನ್ನಲ್ಲ: ಮರಳಿ ಬಂದವರ ಹಳ್ಳಿಗೆ ವಿದ್ಯುತ್, ಸುಟ್ಟ ಮನೆಯ ದುರಸ್ತಿ, ಸರ್ಕಾರಿ ಕೆಲಸದಲ್ಲಿ ಪಾಲು, ಯುದ್ಧಕಾಲದಲ್ಲಿ ಕಳೆದುಕೊಂಡ ಸಾರ್ವಜನಿಕ ವಸತಿಯ ಬದಲಿಗೆ ಇನ್ನೊಂದು ಸೂರು.

2024ರಲ್ಲಿ ತಕ್ಕಡಿ ವಾಲಿತು. ಪ್ಲೆಂಕೊವಿಚ್ ಅವರ ಪಕ್ಷವಾದ ಎಚ್‌ಡಿಝೆಡ್‌ನ ಕೂಟಕ್ಕೆ 61 ಸ್ಥಾನ ಬಂತು, ಬಲಪಂಥೀಯ ‘ತಾಯ್ನಾಡು ಚಳವಳಿ’ಗೆ 14. ಎಸ್‌ಡಿಎಸ್‌ಎಸ್ ಜೊತೆ ಸರ್ಕಾರದಲ್ಲಿ ಕೂರುವುದಿಲ್ಲವೆಂದು ಚಳವಳಿ ಪಟ್ಟು ಹಿಡಿಯಿತು. ಎರಡೂ ಸೇರಿದರೆ 75, ಇನ್ನೂ ಒಂದು ಕೊರತೆ. ಅದನ್ನು ತುಂಬಿದವರು ಬೇರೆ ಅಲ್ಪಸಂಖ್ಯಾತ ಸದಸ್ಯರು. ಪುಪೊವಾತ್ಸ್, ಆನ್ಯಾ ಶಿಂಪ್ರಾಗಾ, ದ್ರಗಾನಾ ಯೆತ್ಸ್ಕೊವ್ ಮೂವರೂ ಗೆದ್ದಿದ್ದರೂ ಸರ್ಕಾರದ ಹೊರಗೆ ಉಳಿದರು. ಎಂಟು ಜನರ ಗುಂಪಿನಲ್ಲಿ ಮೂವರನ್ನು ಬಿಟ್ಟರೂ ಲೆಕ್ಕ ಸರಿಹೋಗುತ್ತದೆ ಎಂದು ಗೊತ್ತಾದ ಮೇಲೆ ಪಕ್ಷದ ಕೈ ಸಡಿಲವಾಯಿತು.

ಆದರೂ ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಜನಗಣತಿ. 1991ರಲ್ಲಿ ಕ್ರೊಯೇಷಿಯಾದ ಸರ್ಬರು 5,81,663, ಅಂದರೆ ಶೇ 12.2. 2001ರಲ್ಲಿ 2,01,631. 2011ರಲ್ಲಿ 1,86,633. 2021ರಲ್ಲಿ 1,23,892, ಶೇ 3.2. 2002ರ ಅಲ್ಪಸಂಖ್ಯಾತರ ಹಕ್ಕುಗಳ ಸಾಂವಿಧಾನಿಕ ಕಾನೂನು ಹಕ್ಕುಗಳನ್ನು ಶೇಕಡಾವಾರಿಗೆ ಕಟ್ಟಿಹಾಕಿದೆ. ದೇಶದ ಜನಸಂಖ್ಯೆಯಲ್ಲಿ ಶೇ 1.5 ಮೀರಿದ ಸಮುದಾಯಕ್ಕೆ ಸಂಸತ್ತಿನಲ್ಲಿ 1ರಿಂದ 3 ಸ್ಥಾನ. ಊರಿನ ಜನಸಂಖ್ಯೆಯಲ್ಲಿ ಶೇ 5ರಿಂದ 15ರವರೆಗೆ ಇದ್ದರೆ ಸ್ಥಳೀಯ ಸಭೆಯಲ್ಲಿ ಕನಿಷ್ಠ ಒಬ್ಬ ಸದಸ್ಯ, ಅದಕ್ಕೂ ಮೀರಿದರೆ ಜನಸಂಖ್ಯೆಗೆ ತಕ್ಕ ಪಾಲು. ಊರಿನಲ್ಲಿ ಮೂರನೇ ಒಂದು ಭಾಗವಿದ್ದರೆ ಅವರ ಭಾಷೆಗೂ ಲಿಪಿಗೂ ಸಮಾನ ಅಧಿಕೃತ ಸ್ಥಾನ.

ಲಿಪಿ ಅಂದರೆ ಇಲ್ಲಿ ಸಿರಿಲಿಕ್. ಸರ್ಬರ ಮಾತು ಕ್ರೊಯಾಟರಿಗೆ ಸಲೀಸಾಗಿ ಅರ್ಥವಾಗುತ್ತದೆ, ಕಣ್ಣಿಗೆ ಬೇರೆಯಾಗಿ ಕಾಣುವುದು ಅಕ್ಷರ. ಕೊಂಕಣಿಯನ್ನು ಮಂಗಳೂರಿನಲ್ಲಿ ಕನ್ನಡ ಅಕ್ಷರದಲ್ಲಿ, ಗೋವಾದಲ್ಲಿ ದೇವನಾಗರಿಯಲ್ಲಿ ಓದುವವರಿಗೆ ಇದು ಹೊಸದಲ್ಲ. ಆದರೆ 1991ರ ಮುತ್ತಿಗೆಯಲ್ಲಿ ನೆಲಸಮವಾದ ವುಕೊವಾರ್‌ನಲ್ಲಿ ಆ ಅಕ್ಷರಗಳು ಗಾಯದ ನೆನಪನ್ನೂ ಹೊತ್ತು ಬರುತ್ತವೆ. 2011ರ ಗಣತಿಯಲ್ಲಿ ಅಲ್ಲಿನ ಸರ್ಬರು ಶೇ 34.87 ಇದ್ದರು. ಕಾನೂನಿನಂತೆ 2013ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಕಚೇರಿಗಳಿಗೆ ಎರಡು ಲಿಪಿಯ ಫಲಕ ಹಾಕಿದಾಗ ಪ್ರತಿಭಟನಕಾರರು ಸುತ್ತಿಗೆಯಿಂದ ಒಡೆದರು. ಮಿತಿಯನ್ನು ಶೇ 50ಕ್ಕೆ ಏರಿಸಲು ಜನಮತ ಕೇಳಿದವರ ಬೇಡಿಕೆಯನ್ನು 2014ರಲ್ಲಿ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು.

ಅಲ್ಲಿ ಗೆದ್ದದ್ದು 2021ರ ಗಣತಿಯಲ್ಲಿ ಕೈಜಾರಿತು. ವುಕೊವಾರ್‌ನ ಸರ್ಬರು ಈಗ ಶೇ 29.73, ಮಿತಿಗಿಂತ ಕೆಳಗೆ. ಯುವಕರು ಕೆಲಸ ಹುಡುಕಿ ಹೊರಟರು, ಮುದುಕರು ತೀರಿಕೊಂಡರು. ಓಡಿಹೋಗಬೇಕಾಗಿ ಬಂದ ಜನರ ಹಕ್ಕನ್ನು ಉಳಿದವರ ತಲೆ ಎಣಿಸಿ ಅಳೆಯುವುದು ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ದೋಷ. ಮಿತಿಗಿಂತ ಕೆಳಗಿದ್ದರೂ ನಗರಸಭೆ ಬಯಸಿದರೆ ತನ್ನ ನಿಯಮಾವಳಿಯ ಮೂಲಕವೇ ಈ ಹಕ್ಕು ಕೊಡಬಹುದು, ಕಾನೂನಿನಲ್ಲಿ ಆ ದಾರಿ ತೆರೆದೇ ಇದೆ. ಆದರೆ ಅದಕ್ಕೆ ನಗರಸಭೆಯಲ್ಲಿ ಬಹುಮತ ಬೇಕು. ವುಕೊವಾರ್‌ಗೆ ಅಂಟಿಕೊಂಡಿರುವ ಬೊರೊವೊ ಹಳ್ಳಿಯಲ್ಲಿ ಸರ್ಬರೇ ಬಹುಸಂಖ್ಯಾತರು, ಅಲ್ಲಿ ಸಿರಿಲಿಕ್‌ಗೆ ಈ ಅಡ್ಡಿಯಿಲ್ಲ.